ಭಯವಿಲ್ಲದ ಬಾಳು

ಶರಣಬಂಧುಗಳಲ್ಲಿ ಅನೇಕರು ಒಂದು ವಿಷಯದಲ್ಲಿ ತಮ್ಮನ್ನು ತಾವೇ ನಿಂದಿಸಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಇಷ್ಟಲಿಂಗಪೂಜೆ ಮುಗಿಸಿ ಎದ್ದ ಕೂಡಲೇ, ಮಗು ಹಾಲಿನ ಲೋಟ ಉರುಳಿಸಿತೆಂದು ಸಿಟ್ಟು ಭುಗಿಲೆದ್ದರೆ, ಇಷ್ಟು ವರುಷದ ಪೂಜೆ ವ್ಯರ್ಥವಾಯಿತೆಂದು ಕೊರಗುತ್ತಾರೆ. ಕತ್ತಲೆಗೆ ಅಂಜುವ ಹುಡುಗನನ್ನು ‘ವಿಭೂತಿ ಧರಿಸಿದವನಿಗೆ ಎಂಥ ಭಯ?’ ಎಂದು ಗದರಿಸುವ ಹಿರಿಯರೂ ಉಂಟು. ಕೋಪವಾಗಲಿ ಭಯವಾಗಲಿ ಹುಟ್ಟಲೇಬಾರದೆಂಬ ಈ ಹಟ ಎಷ್ಟರಮಟ್ಟಿಗೆ ಸರಿ?

ಮಿದುಳಿನ ಮಡಿಕೆಮಡಿಕೆಯಾದ ಹೊರಪದರವು ಆಲೋಚನೆ, ಮಾತು, ಲೆಕ್ಕಾಚಾರಗಳ ನೆಲೆ. ಅದರ ಒಳಗೆ ಎಡಕ್ಕೊಂದು ಬಲಕ್ಕೊಂದು ಬಾದಾಮಿ ಬೀಜದ ಆಕಾರದ ಗಂಟುಗಳಿವೆ. ಗ್ರೀಕ್ ಭಾಷೆಯಲ್ಲಿ ಬಾದಾಮಿಗಿರುವ ಹೆಸರಿನಿಂದಲೇ ಅದಕ್ಕೆ ಅಮಿಗ್ಡಲಾ ಎಂಬ ಹೆಸರು ಬಂದಿತು. ಅಪಾಯದ ಸುಳಿವು ಸಿಕ್ಕೊಡನೆ ಅದು ಹೈಪೋಥಲಾಮಸ್ ಮೊದಲಾದ ಒಳಭಾಗಗಳನ್ನು ಎಚ್ಚರಿಸುತ್ತದೆ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಹಗ್ಗವನ್ನು ಹಾವೆಂದು ಭ್ರಮಿಸಿದವನು ಮೊದಲು ಹಾರುತ್ತಾನೆ, ಆಮೇಲೆ ಹಗ್ಗವೆಂದು ತಿಳಿಯುತ್ತಾನೆ. ಶಬ್ದದ ಸುದ್ದಿಯು ಹೊರಪದರವನ್ನು ಬಳಸದೆ, ಥಲಾಮಸ್‌ನಿಂದ ನೇರವಾಗಿ ಅಮಿಗ್ಡಲಾವನ್ನು ತಲಪುವ ಒಳದಾರಿಯನ್ನು ಅಮೆರಿಕದ ವಿಜ್ಞಾನಿ ಜೋಸೆಫ್ ಲೆಡೂ ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲಿ ಈ ದಾರಿಯ ಪಾತ್ರ ಎಷ್ಟೆಂಬ ಬಗ್ಗೆ ಪಂಡಿತರಲ್ಲಿ ಇನ್ನೂ ವಾದವಿದೆ.

ಈ ಗಂಟುಗಳೇ ನಾಶವಾದರೆ ಏನಾದೀತು? ಎಸ್. ಎಂ. ಎಂಬ ಸಂಕೇತಾಕ್ಷರದಿಂದಷ್ಟೇ ಲೋಕಕ್ಕೆ ಪರಿಚಿತಳಾದ ಅಮೆರಿಕದ ಒಬ್ಬ ಮಹಿಳೆಗೆ ಅತ್ಯಪರೂಪದ ಆನುವಂಶಿಕ ಕಾಯಿಲೆಯಿಂದ ಎರಡೂ ಅಮಿಗ್ಡಲಾಗಳು ಹಾಳಾಗಿದ್ದವು. ಬುದ್ಧಿಗೆ ಕುಂದಿರಲಿಲ್ಲ, ಸಂತೋಷ, ದುಃಖ, ಕೋಪಗಳೂ ಇದ್ದವು. ಆದರೆ ಅನ್ಯರ ಮುಖದ ಮೇಲಿನ ಭಯವನ್ನು ಆಕೆ ಗುರುತಿಸಲಾರಳೆಂದು 1994ರಲ್ಲಿ ಪ್ರಕಟವಾಯಿತು. ಹೆದರಿದ ಮುಖವನ್ನು ಬರೆಯೆಂದರೆ, ಅದು ಹೇಗಿರುತ್ತದೆಂಬುದೇ ತನಗೆ ತಿಳಿಯದೆಂದಳು. ಹಾವುಗಳೆಂದರೆ ತನಗಾಗದೆಂದು ಹೇಳುತ್ತಿದ್ದವಳು ಪ್ರಾಣಿಗಳ ಅಂಗಡಿಯಲ್ಲಿ ಹಾವನ್ನು ಕೈಯಲ್ಲಿ ಹಿಡಿದು ಕುತೂಹಲದಿಂದ ಸವರಿದಳೆಂಬ ವರದಿ 2011ರಲ್ಲಿ ಬಂದಿತು.

ಇದು ಧೀರರ ಲಕ್ಷಣವೆಂದು ಯಾರಾದರೂ ತಿಳಿದಾರು. ಆಕೆಯ ಬಾಳಿನಲ್ಲಿ ನಡೆದುದೇ ಬೇರೆ. ಕತ್ತಿ ತೋರಿಸಿದವರಿಂದಲೂ ಬಂದೂಕು ಹಿಡಿದವರಿಂದಲೂ ಆಕೆ ಬೆದರಿಕೆಗೆ ಗುರಿಯಾಗಿದ್ದಳು. ಯಾರನ್ನು ದೂರವಿಡಬೇಕೆಂದು ಒಳಗಿನಿಂದ ತಿಳಿಸುವ ಕಾವಲುಗಾರನೇ ಅವಳಿಗಿರಲಿಲ್ಲ. ಭಯ ಬೇಡವೆಂದು ದೇವರಲ್ಲಿ ಬೇಡುವ ನಾವು ಈ ಹೆಣ್ಣುಮಗಳನ್ನು ಒಮ್ಮೆ ನೆನೆಯಬೇಕು.

ಹಾಗೆಂದು ಭಯವೆಲ್ಲ ಆ ಒಂದು ಗಂಟಿನಲ್ಲೇ ಇದೆಯೆನ್ನುವುದೂ ತಪ್ಪು. ಆಕೆಗೂ, ಅಂಥದೇ ಹಾನಿಯಿದ್ದ ಇನ್ನಿಬ್ಬರಿಗೂ ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಉಸಿರಾಡಿಸಿದಾಗ ಮೂವರೂ ಭಯದಿಂದ ತತ್ತರಿಸಿದರೆಂದು 2013ರಲ್ಲಿ ತಿಳಿದುಬಂತು. ಹೊರಗಿನ ಅಪಾಯಕ್ಕೆ ಒಂದು ದಾರಿ, ಉಸಿರುಗಟ್ಟುವ ಸಂಕಟಕ್ಕೆ ಮತ್ತೊಂದು.

ಬಸವಣ್ಣನವರು ತಮ್ಮ ಒಂದು ವಚನದಲ್ಲಿ ಕೋಪವನ್ನು ದೇಹದ್ದೊಂದು, ಮನಸ್ಸಿನದೊಂದು ಎಂದು ಬೇರ್ಪಡಿಸಿ, ಎರಡರ ಕೇಡನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಅವರು ಮಿದುಳುಶಾಸ್ತ್ರ ಬರೆದರೆಂದು ನಾವು ಹೇಳುವುದಿಲ್ಲ. ಅಂಥ ಹೊಗಳಿಕೆ ಅವರಿಗೆ ಬೇಕಿಲ್ಲ. ಆದರೆ ಆ ವಿಂಗಡಣೆ ನಮಗಿಂದು ಉಪಯುಕ್ತ. ಲೋಟ ಉರುಳಿದಾಗ ಮೈ ಬಿಸಿಯಾಗುವುದು ನಮ್ಮ ಅಪ್ಪಣೆ ಕೇಳಿ ಆಗುವುದಿಲ್ಲ. ಎತ್ತಿದ ಕೈ ಮಗುವಿನ ಬೆನ್ನನ್ನು ಮುಟ್ಟುವ ಮುನ್ನ ಮಾತ್ರ ಕ್ಷಣಕಾಲದ ಎಡೆಯಿದೆ. ಪೂಜೆಯ ಅಭ್ಯಾಸಕ್ಕೆ ಕೆಲಸವಿರುವುದು ಅಲ್ಲಿ.

ಕತ್ತಲೆಗೆ ಅಂಜುವ ಹುಡುಗನ ವಿಷಯ ಉಳಿಯಿತು. ಚಿತ್ರದಲ್ಲಿ ಕಂಡ ಮುಖದ ಭಾವಕ್ಕೆ ಹೆಸರು ಹೇಳಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗುವುದನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಅದು ವಯಸ್ಕರ ಮೇಲೆ ನಡೆದ ಪರೀಕ್ಷೆ, ನಿಜ. ಆದರೂ ಅವನನ್ನು ಗದರಿಸುವ ಬದಲು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ‘ಏನು ಕಂಡ ಹಾಗಾಯಿತಪ್ಪಾ?’ ಎಂದು ಕೇಳಿ, ಅವನು ಹೇಳಿ ಮುಗಿಸುವವರೆಗೆ ದೀಪವನ್ನು ಆರಿಸದಿರುವುದು ಮೇಲು.