ಇನ್ನೊಂದು ಪ್ರತಿ ಎಲ್ಲಿದೆ?

ಒಂದರ ಬೆಲೆ ಏನೆಂದು ಸಂತೆಮರಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2004ರ ವಿಧಾನಸಭೆ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರೆದುರು ಗೆದ್ದದ್ದು ಒಂದೇ ಒಂದು ಮತದಿಂದ. 40,752ಕ್ಕೆ 40,751. ಕ್ಷೇತ್ರ ಮರುವಿಂಗಡಣೆಯಾಗಿ ಆ ಕ್ಷೇತ್ರವೇ ಈಗಿಲ್ಲ. ಆದರೂ ಲೆಕ್ಕ ಉಳಿದಿದೆ, ಯಾಕೆಂದರೆ ಅದು ಚುನಾವಣಾ ಆಯೋಗದ ಕಡತದಲ್ಲಿದೆ, ಪತ್ರಿಕೆಗಳಲ್ಲಿದೆ, ಟೀ ಅಂಗಡಿಯ ಮಾತಿನಲ್ಲೂ ಇದೆ. ನೀವು ಬರೆದದ್ದು ಎಷ್ಟು ಕಡೆ ಇದೆ?

ಊರೂರಿನ ಮೇಷ್ಟ್ರುಗಳನ್ನು, ಕಾಲೇಜಿನ ಹುಡುಗಿಯರನ್ನು, ಅಜ್ಜಿಯ ಸೋಬಾನೆ ಪದಗಳನ್ನು ಮೊಬೈಲಿಗೆ ತುಂಬಿಕೊಂಡ ತಮ್ಮಂದಿರನ್ನು ಕೇಳುತ್ತಿದ್ದೇನೆ. ಹತ್ತು ವರ್ಷದ ಕವಿತೆಗಳೆಲ್ಲ ಒಂದೇ ಫೋನಿನಲ್ಲಿ. ಆ ಫೋನು ಕಾಲುವೆಗೆ ಬಿದ್ದರೆ? ಡಿಟಿಪಿ ಅಂಗಡಿಯವರು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದರೆ? ಫೇಸ್‌ಬುಕ್‌ನಲ್ಲಿ ಇದೆಯಲ್ಲ ಎನ್ನಬೇಡಿ. ಆರ್ಕುಟ್‌ನಲ್ಲೂ ಇತ್ತು. 2014ರ ಸೆಪ್ಟೆಂಬರ್ 30ರಂದು ಅದರ ಬಾಗಿಲು ಮುಚ್ಚಿತು. ಎರಡು ವರ್ಷ ಮುಟ್ಟದ ಖಾತೆಯನ್ನು ಅಳಿಸಬಹುದೆಂದು ಗೂಗಲ್ 2023ರಲ್ಲೇ ಸಾರಿದೆ. ಬರೆದವರು ತೀರಿಕೊಂಡು ಮನೆಯವರಿಗೆ ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಆ ಎರಡು ವರ್ಷ ಬೇಗ ಕಳೆಯುತ್ತದೆ.

ನಮ್ಮ ಹಿಂದಿನವರಿಗೆ ಈ ಭಯ ಇತ್ತು, ಉಪಾಯವೂ ಇತ್ತು. ಪೊನ್ನನ ಶಾಂತಿಪುರಾಣ ಅಳಿಯಬಾರದೆಂದು ಅತ್ತಿಮಬ್ಬೆ ಸಾವಿರ ಪ್ರತಿ ಬರೆಸಿ ಹಂಚಿದಳು. ಓಲೆಗರಿಯ ಮೇಲೆ, ಕಂಟದಿಂದ ಕೊರೆದು, ಒಂದೊಂದಾಗಿ! ಅಂಥ ಪುಣ್ಯ ಒಂದನೇ ಗುಣವರ್ಮನಿಗೆ ಸಿಗಲಿಲ್ಲ. ಅವನ ಶೂದ್ರಕ, ಹರಿವಂಶ ಎರಡೂ ಹೋದವು. ಬೇರೆಯವರು ಉದಾಹರಿಸಿದ ಬಿಡಿ ಪದ್ಯಗಳಷ್ಟೇ ಇಂದು ನಮ್ಮ ಪಾಲಿಗೆ. ನಮ್ಮ ಸೀಮೆಯ ಮಂಟೇಸ್ವಾಮಿ ಕಾವ್ಯವನ್ನು ಬಹುಕಾಲ ಯಾರೂ ಬರೆದಿಡಲೇ ಇಲ್ಲ, ಆದರೂ ಅದು ಬದುಕಿತು. ಅದನ್ನು ಹಾಡುವ ಒಬ್ಬ ನೀಲಗಾರ ತಂಬೂರಿ ಕೆಳಗಿಟ್ಟಾಗ ಅದೇ ಕಥೆ ಇನ್ನೊಬ್ಬನ ಗಂಟಲಲ್ಲಿರುತ್ತಿತ್ತು. ಅಕ್ಷರ ಕಲಿತ ನಾವು ಅಷ್ಟನ್ನೂ ಮಾಡದಿದ್ದರೆ ನಾಚಿಕೆಗೇಡು.

ಇನ್ನೊಂದು ಆಪತ್ತು ಕಣ್ಣಿಗೆ ಬೀಳುವುದಿಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪಿಸಿದ ಕಡತಗಳು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತವೆ. ಕಡತ ಇದೆ, ಕನ್ನಡ ಇಲ್ಲ! ಅವನ್ನು ಯೂನಿಕೋಡ್‌ಗೆ ತಿರುಗಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ತಿರುಗಿಸಿದ ಮೇಲೆ ಒಮ್ಮೆ ಓದಿ ನೋಡಿ, ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿರುತ್ತವೆ.

ಬರೆದದ್ದು ನನ್ನದು, ಹೋದರೆ ಹೋಗಲಿ ಎನ್ನುವವರೂ ಇದ್ದಾರೆ. ಸ್ವಂತ ಕವಿತೆಯ ಮಟ್ಟಿಗೆ ಒಪ್ಪೋಣ. ಆದರೆ ಅಜ್ಜಿಯ ದನಿ ನಿಮ್ಮೊಬ್ಬರ ಆಸ್ತಿಯೇ? ಊರಿನ ಬರಗಾಲದ ಬಗ್ಗೆ, ಹಬ್ಬದ ಬಗ್ಗೆ, ಕೇರಿಯ ಅವಮಾನದ ಬಗ್ಗೆ ನೀವು ಬರೆದಿಟ್ಟದ್ದನ್ನು ಇನ್ನೂ ಹುಟ್ಟದವರು ಹುಡುಕಿಕೊಂಡು ಬರುತ್ತಾರೆ. ಅವರಿಗೆ ನಾವು ಏನು ಉತ್ತರ ಹೇಳೋಣ?

ಕೆಲಸ ದೊಡ್ಡದಲ್ಲ. ಒಂದು ಪ್ರತಿ ಫೋನಿನಲ್ಲಿ ಇರಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲೋ ಹಾರ್ಡ್‌ಡಿಸ್ಕ್‌ನಲ್ಲೋ, ಮತ್ತೊಂದು ಬೇರೆ ಊರಿನ ನಂಟರ ಮನೆಯಲ್ಲಿ. ಒಂದೇ ಮನೆಯಲ್ಲಿ ಮೂರೂ ಇದ್ದರೆ ಬೆಂಕಿಗೆ ಒಂದೇ ತುತ್ತು. ಮುಖ್ಯವಾದದ್ದನ್ನು ಮುದ್ರಿಸಿ, ಹೆಸರು, ಊರು, ತಾರೀಕು ಬರೆದು ಗ್ರಂಥಾಲಯಕ್ಕೋ ಶಾಲೆಗೋ ಕೊಡಿ. ಪಾಸ್‌ವರ್ಡನ್ನು ಮನೆಯಲ್ಲಿ ನಂಬಿಕಸ್ತರೊಬ್ಬರಿಗೆ ತಿಳಿಸಿ. ವರ್ಷಕ್ಕೊಮ್ಮೆ ಎಲ್ಲವನ್ನೂ ತೆರೆದು ನೋಡಿ, ಏಕೆಂದರೆ ಪೆನ್‌ಡ್ರೈವ್ ಹೇಳದೆ ಕೇಳದೆ ಕೈಕೊಡುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಮುಂದಿನ ಸಂತೆಯೊಳಗೆ ಮೊದಲ ಪ್ರತಿ ತೆಗೆದುಬಿಡಿ. ಟೈಪು ಬಾರದ ಪಕ್ಕದ ಮನೆಯ ಹಾಡುಗಾರ್ತಿಯ ಪದಗಳಿಗೂ ಒಂದು ಪ್ರತಿ ಮಾಡಿಕೊಡಿ.