ಪದ ಬಳಕೆ: ‘ಶ್ರೂಡ್’ ಎಂದರೆ ಜಾಣೆಯೋ, ಕಪಟಿಯೋ?

ಚಾಮರಾಜಪೇಟೆಯ ಸಹೋದರಿಯೊಬ್ಬರು ಈ ಬಾರಿ ಕೇಳಿರುವ ಪ್ರಶ್ನೆ ಕೇವಲ ಭಾಷೆಗೆ ಸಂಬಂಧಿಸಿದ್ದಲ್ಲ. ಅದರ ಹಿಂದೆ ಒಂದು ಮನೆಯ ಕಳವಳವಿದೆ. ಅವರ ಮಗಳು ಸಂಬಳದಲ್ಲಿ ಪ್ರತಿ ತಿಂಗಳೂ ಇಷ್ಟಿಷ್ಟೆಂದು ಎತ್ತಿಟ್ಟು, ತಮ್ಮನ ಕಾಲೇಜು ಶುಲ್ಕವನ್ನೂ ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆಯ ವೆಚ್ಚವನ್ನೂ ಸಾಲವಿಲ್ಲದೆ ತೂಗಿಸಿದವಳು. ಆಕೆಯ ಸಂಬಂಧದ ಮಾತು ನಡೆದಾಗ ಸೋದರಮಾವನವರು ಗಂಡಿನ ಕಡೆಯವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದು, ಹುಡುಗಿ ಬಹಳ ‘ಶ್ರೂಡ್’, ಎಲ್ಲವನ್ನೂ ಯೋಜಿಸಿಯೇ ಮಾಡುವವಳು ಎಂದು ಹೊಗಳಿದರಂತೆ. ಆ ಮನೆಯ ಅಜ್ಜನವರು ಹಳೆಯ ನಿಘಂಟನ್ನು ತೆರೆದು ನೋಡಿದರು. ‘ಲೆಕ್ಕಾಚಾರದ ಸೊಸೆ ನಮಗೆ ಬೇಡ’ ಎಂಬ ಉತ್ತರ ಬಂದಿತು. ಈ ಪದಕ್ಕೆ ತಕ್ಕ ಕನ್ನಡ ಪದ ಯಾವುದು, ಈಗ ಏನೆಂದು ಬರೆಯಬೇಕು ಎಂಬುದು ತಾಯಿಯ ಪ್ರಶ್ನೆ.

ಮಾವನವರು ತಪ್ಪು ಬರೆಯಲಿಲ್ಲ. ಅಜ್ಜನವರು ತಪ್ಪು ಓದಲೂ ಇಲ್ಲ. ‘ಶ್ರೂಡ್’ ಎಂಬುದು ಕೆಳಗಿನಿಂದ ಮೇಲಕ್ಕೆ ಬಂದ ಪದ. ಗಯ್ಯಾಳಿ ಎಂಬರ್ಥದ ‘ಶ್ರೂ’ ಶಬ್ದಕ್ಕೂ ಇದಕ್ಕೂ ನಂಟುಂಟು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಇದಕ್ಕೆ ದುಷ್ಟ, ಕೇಡಿಗ ಎಂಬ ಅರ್ಥವೇ ಇತ್ತು. ಶತಮಾನಗಳು ಕಳೆದಂತೆ ಕೇಡು ಕಳಚಿಹೋಗಿ, ಎದುರಿನವರ ಲೆಕ್ಕವನ್ನೂ ಮುಂದಿನ ಪರಿಣಾಮವನ್ನೂ ಬಲ್ಲ ವ್ಯವಹಾರಜ್ಞಾನ ಎಂಬ ಅರ್ಥ ಉಳಿದುಕೊಂಡಿತು. ಇಂದು ವ್ಯಾಪಾರಿಯನ್ನು ಹಾಗೆ ಕರೆದರೆ ಅದು ಹೊಗಳಿಕೆಯೇ. ಆದರೆ ಹಳೆಯ ಕಲೆ ಪೂರ್ತಿ ಹೋಗಿಲ್ಲವೆಂಬುದಕ್ಕೆ ಅಜ್ಜನವರೇ ಸಾಕ್ಷಿ.

ಕನ್ನಡದಲ್ಲಿ ನಡೆದದ್ದು ಇದಕ್ಕೆ ತಿರುಗಾಮುರುಗ. ‘ಹುನ್ನಾರ’ವನ್ನು ನೋಡಿರಿ. ಪಾರಸಿಯ ‘ಹುನರ್’ ಎಂದರೆ ಕೈಕುಶಲತೆ, ಕಲೆ. ನಮ್ಮಲ್ಲಿಗೆ ಬಂದು ಅದು ಗುಪ್ತ ಸಂಚಾಯಿತು. ಅರಬಿಯಲ್ಲಿ ಹಿತ ಎಂದಿದ್ದುದು ಪಾರಸಿಯ ಮೂಲಕ ಬಂದು ‘ಮಸಲತ್ತು’ ಆಯಿತು. ಹಿತದ ಆಲೋಚನೆಯಾಗಿದ್ದ ಆ ಮಾತನ್ನು ಇಂದು ‘ಏನೋ ಮಸಲತ್ತು ನಡೆಸಿದ್ದಾರೆ’ ಎಂದು ಪಿಸುದನಿಯಲ್ಲಿಯೇ ಆಡುತ್ತೇವೆ. ‘ಯೋಜನೆ’ ಎಂದರೆ ಸರ್ಕಾರದ್ದು, ಗೌರವದ್ದು. ‘ಏನೋ ಪ್ಲಾನ್ ಹಾಕಿದ್ದಾನೆ’ ಎಂದರೆ ಮಾತ್ರ ಎಲ್ಲರೂ ಕಿವಿ ನಿಮಿರಿಸುತ್ತಾರೆ!

ನನಗೆ ಅತ್ಯಂತ ಪ್ರಿಯವಾದುದು ‘ಜಾಣ’. ಇದು ಸಂಸ್ಕೃತದ ‘ಜ್ಞಾ’ ಧಾತುವಿನ ಸಂತಾನ, ತಿಳಿದವನು ಎಂದರ್ಥ. ಕುತೂಹಲದ ಸಂಗತಿಯೆಂದರೆ ಇಂಗ್ಲಿಷಿನ ‘ಕನಿಂಗ್’ ಶಬ್ದವೂ ಅದೇ ಮೂಲಬೇರಿನಿಂದ ಹೊರಟದ್ದು. ಅದು ಅಲ್ಲಿ ಕುಯುಕ್ತಿಯಾಗಿ ಕೆಟ್ಟಿತು. ಇಲ್ಲಿ ‘ಜಾಣ ಮರಿ’ ಎಂದು ಮಗುವಿನ ಗಲ್ಲ ಸವರುವ ಮಾತಾಗಿ ಉಳಿಯಿತು. ಆದರೂ ಜಾಣಕುರುಡು, ಜಾಣಕಿವುಡು ಎಂಬ ಪದಗಳನ್ನು ಕಟ್ಟಿದ ನಮ್ಮ ಜನ ಜಾಣತನದ ಇನ್ನೊಂದು ಮುಖವನ್ನು ಕಾಣದವರಲ್ಲ.

‘ಚಾಣಾಕ್ಷ’ ಎನ್ನಬಹುದಲ್ಲವೇ ಎಂದು ಸಹೋದರಿಯವರು ಕೇಳಿದ್ದಾರೆ. ಅದು ಚಾಣಕ್ಯನನ್ನು ನೆನಪಿಗೆ ತರುವ ಪದ. ಆತನ ಇನ್ನೊಂದು ಹೆಸರಾದ ಕೌಟಿಲ್ಯ ಎಂಬುದರಲ್ಲಿ ‘ಕುಟಿಲ’ದ ಸದ್ದು ಕೇಳುತ್ತದೆ. ಆತನ ಅರ್ಥಶಾಸ್ತ್ರದ ಓಲೆಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ಗುರುತಿಸಿ, 1909ರಲ್ಲಿ ಅಚ್ಚಿಗೆ ತಂದವರು ಆರ್. ಶಾಮಶಾಸ್ತ್ರಿಗಳು. ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಬೆಂಗಳೂರಿನಲ್ಲಿ ಮುದ್ರಣಗೊಂಡಿತು. ಆ ವರ್ಷಗಳಲ್ಲಿ ಶಾಸ್ತ್ರಿಗಳು ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಮುಖ್ಯಸ್ಥರಾಗಿದ್ದರು. ಆ ಗ್ರಂಥ ಬೇಹುಗಾರರನ್ನು ಹೇಳುವಂತೆಯೇ ಕೆರೆ, ಉಗ್ರಾಣ, ತೂಕ, ಅಳತೆಗಳನ್ನೂ ಹೇಳುತ್ತದೆ. ಆದರೆ ‘ಚಾಣಾಕ್ಷ’ ಎಂದೊಡನೆ ಜನರಿಗೆ ನೆನಪಾಗುವುದು ಬೇಹುಗಾರರೇ ಹೊರತು ಉಗ್ರಾಣವಲ್ಲ. ಆದ್ದರಿಂದ ಮದುವೆಯ ಪತ್ರಕ್ಕೆ ಆ ಪದ ಬೇಡ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಗುಬ್ಬಿ ತೋಟದಪ್ಪನವರು ವ್ಯಾಪಾರದಲ್ಲಿ ಗಳಿಸಿದ ಹಣದಿಂದ 1897ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೇ ಜಾಗ ಕೊಂಡರು. ಅಲ್ಲಿ ಅವರು ಕಟ್ಟಿಸಿದ ಛತ್ರ 1903ರಲ್ಲಿ ಪ್ರಾರಂಭವಾಯಿತು. ರೈಲಿಳಿದ ಪರಸ್ಥಳದವನಿಗೆ ಮೊದಲು ಬೇಕಾದುದೇನೆಂದು ಲೆಕ್ಕ ಹಾಕದೆ ಆ ಜಾಗವನ್ನು ಆರಿಸಲು ಸಾಧ್ಯವಿಲ್ಲ. ಆದರೂ ಅವರನ್ನು ‘ಲೆಕ್ಕಾಚಾರದ ಮನುಷ್ಯ’ ಎಂದು ಯಾರೂ ಕರೆಯರು. ದೂರದರ್ಶಿ ಎನ್ನುತ್ತೇವೆ, ಅದು ಯುಕ್ತವೂ ಹೌದು. ಲೆಕ್ಕ ಯಾರಿಗಾಗಿ ಎಂಬುದರ ಮೇಲೆ ಪದ ಬದಲಾಗುವುದು ಸಹಜ. ಹಾಗಿದ್ದಮೇಲೆ ತಮ್ಮನ ಶುಲ್ಕಕ್ಕೂ ತಂದೆಯ ಕಣ್ಣಿಗೂ ಲೆಕ್ಕ ಹಾಕಿದ ಹುಡುಗಿಗೆ ಮಾತ್ರ ‘ಲೆಕ್ಕಾಚಾರದವಳು’ ಎಂಬ ಹಣೆಪಟ್ಟಿ ಏಕೆ? ಮಗನಲ್ಲಿ ಕಂಡರೆ ವ್ಯವಹಾರಕುಶಲತೆ, ಸೊಸೆಯಲ್ಲಿ ಕಂಡರೆ ಘಾಟಿತನ! ಈ ಅನ್ಯಾಯವನ್ನು ಇಂಗ್ಲಿಷ್ ನಿಘಂಟಿನ ಮೇಲೆ ಹೊರಿಸುವುದು ತರವಲ್ಲ. ಅಜ್ಜನವರ ಬಗ್ಗೆ ಗೌರವವಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಇನ್ನು ಪತ್ರದ ವಿಷಯ. ‘ಗಟ್ಟಿಗಿತ್ತಿ’ ಒಳ್ಳೆಯ ಪದವೇ. ಆದರೆ ಅದು ಧೈರ್ಯವನ್ನು ಹೇಳುವಷ್ಟು ಯೋಜನೆಯನ್ನು ಹೇಳದು. ‘ಯುಕ್ತಿವಂತೆ’ ಎಂದರೆ ಅಜ್ಜನವರು ಮತ್ತೆ ಹುಬ್ಬೇರಿಸಿಯಾರು. ‘ಮುಂದಾಲೋಚನೆಯುಳ್ಳವಳು’ ಎಂಬುದೇ ಇಲ್ಲಿ ನೇರವಾದ ಪದ, ಅದರಲ್ಲಿ ಕಲೆಯಿಲ್ಲ. ಸೋದರಮಾವನವರೇ ಇನ್ನೊಮ್ಮೆ, ಕನ್ನಡದಲ್ಲಿಯೇ, ಹೀಗೆ ಬರೆಯಲಿ: ‘ನಮ್ಮ ಹುಡುಗಿ ಮುಂದಾಲೋಚನೆಯುಳ್ಳವಳು. ತಮ್ಮನ ಓದಿಗೂ ತಂದೆಯ ಕಣ್ಣಿನ ಚಿಕಿತ್ಸೆಗೂ ತನ್ನ ಸಂಬಳದಲ್ಲಿ ತಿಂಗಳು ತಿಂಗಳೂ ಉಳಿಸಿ ಕೊಟ್ಟಿದ್ದಾಳೆ. ತಾವು ಒಮ್ಮೆ ಮನೆಗೆ ಬಂದು ಅವಳೊಡನೆ ಮಾತನಾಡಬೇಕಾಗಿ ವಿನಂತಿ.’ ಇಂಗ್ಲಿಷ್ ಪದವನ್ನು ಪಕ್ಕದಲ್ಲಿ ಬರೆಯುವುದು ಬೇಡ. ಉತ್ತರ ಬಂದ ಮೇಲೆ ಸಹೋದರಿಯವರು ನಮಗೂ ಒಂದು ಸಾಲು ತಿಳಿಸಲಿ.