ಪರವಾನಗಿ ಇದೆ, ನಳಿಗೆ ಗಟ್ಟಿಯಿದೆಯೇ?

ಕಾಡುಹಂದಿಯನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳ ಸರಕಾರವು 2022ರ ಮೇ ತಿಂಗಳಲ್ಲಿ ಸ್ಥಳೀಯಾಡಳಿತ ಸಂಸ್ಥೆಗಳ ಅಧ್ಯಕ್ಷರಿಗೆ ಒಪ್ಪಿಸಿತು. ವಿಷ, ಸ್ಫೋಟಕ, ವಿದ್ಯುತ್ತು ಕೂಡದು ಎಂಬುದು ಅದರ ಷರತ್ತು. ಬಹುಮಟ್ಟಿಗೆ ಉಳಿಯುವುದು ಪರವಾನಗಿಯುಳ್ಳ ಕೋವಿಯೊಂದೇ. ಮಂಜೇಶ್ವರದಿಂದ ದೇಲಂಪಾಡಿಯವರೆಗಿನ ನಮ್ಮ ಕೃಷಿಕರ ಮನೆಗಳಲ್ಲಿ ಆ ಕೋವಿ ಅನೇಕ ಸಲ ಅಜ್ಜನ ಕಾಲದ ಜೋಡುನಳಿಗೆಯ ಬೆಡಿಯೇ ಆಗಿರುತ್ತದೆ. ಮರಗೆಣಸೂ ಬಾಳೆಯೂ ಬೆಳಗಾಗುವಷ್ಟರಲ್ಲಿ ಬುಡಮೇಲಾಗಿರುವುದನ್ನು ಕಂಡವರು ಅದನ್ನು ಕಪಾಟಿನಿಂದ ಹೊರತೆಗೆಯುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಆತಂಕ ಬೇರೆಯದು. ಪರವಾನಗಿ ಪುಸ್ತಕದಲ್ಲಿ ಕೋವಿಯ ಸಂಖ್ಯೆ, ಬಗೆ, ಬೋರು ದಾಖಲಾಗಿರುತ್ತವೆ. ನಳಿಗೆ ಯಾವ ಮದ್ದನ್ನು ತಾಳಬಲ್ಲದು ಎಂಬುದು ಇರುವುದಿಲ್ಲ. ಪರೀಕ್ಷೆಗೊಳಗಾಗುವುದು ವ್ಯಕ್ತಿ, ಉಕ್ಕಲ್ಲ.

ಆದರೆ ಉಕ್ಕೇ ತನ್ನ ಚರಿತ್ರೆಯನ್ನು ಬರೆದುಕೊಂಡಿದೆ. ಇಂಗ್ಲೆಂಡಿನಲ್ಲಿ ತಯಾರಾದ ಕೋವಿಯ ನಳಿಗೆಗಳನ್ನು ಹೆಚ್ಚು ಮದ್ದು ತುಂಬಿ ಸಿಡಿಸಿ ಪರೀಕ್ಷಿಸಿ, ತಾಳಿದರೆ ಮುದ್ರೆಯೊತ್ತುವ ಸಂಪ್ರದಾಯ ಕಾನೂನಿನದು. ಲಂಡನ್ನಿನ ಕೋವಿಗಾರರ ಸಂಘ 1637ರ ಸನದಿನದು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯ 1813ರ ಕಾಯಿದೆಯಿಂದ ಹುಟ್ಟಿತು. ತೋಟೆಗಳಿಲ್ಲವೆಂದು ಎರಡೂ ನಳಿಗೆಗಳನ್ನು ನೋಡಿ ದೃಢಪಡಿಸಿಕೊಂಡು, ಮುಂದಿನ ಮರದ ತುಂಡನ್ನು ಕಳಚಿ, ನಳಿಗೆಗಳನ್ನು ಬೇರ್ಪಡಿಸಿದರೆ ಅವುಗಳ ಅಡಿಯ ಚಪ್ಪಟೆ ಭಾಗದಲ್ಲಿ ಈ ಮುದ್ರೆಗಳು ಕಾಣುತ್ತವೆ. ಮೇಲ್ಭಾಗದಲ್ಲಿ ಕೊರೆದ ಅಂದದ ಹೆಸರನ್ನು ಮಾತ್ರ ನಂಬಬಾರದು. ಅದು ಕೋವಿಯನ್ನು ಮಾರಿದ ಅಂಗಡಿಯದೂ ಆಗಿರಬಹುದು.

"ನಾಟ್ ಫಾರ್ ಬಾಲ್" ಎಂಬ ಬರಹವಿದ್ದರೆ ಕೋವಿ 1875ರಿಂದ 1887ರ ನಡುವಿನದು. ವಜ್ರಾಕೃತಿಯೊಳಗೆ ಬೋರಿನ ಅಂಕೆಯಿದ್ದರೆ 1887ರ ಅನಂತರದ್ದು. "ನೈಟ್ರೋ ಪ್ರೂಫ್" ಎಂಬ ಪದಗಳು 1896ರಿಂದ ಕಾಣಿಸಿಕೊಳ್ಳುತ್ತವೆ. 1904ರಿಂದ ಬರ್ಮಿಂಗ್‌ಹ್ಯಾಮಿನ ಮುದ್ರೆ ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂದಾಯಿತು. ಲಂಡನ್ನಿನದಾದರೆ ಎನ್‌ಪಿಯ ಮೇಲೆ ಕತ್ತಿ ಹಿಡಿದ ತೋಳು. ತೋಟೆಯ ಕೋಣೆಯ ಉದ್ದವನ್ನು ಇಂಚಿನಲ್ಲಿ ನಮೂದಿಸಿದ್ದು 1925ರಿಂದ, ಒತ್ತಡವನ್ನು ಟನ್ನುಗಳಲ್ಲಿ ನಮೂದಿಸಿದ್ದು 1954ರಿಂದ. ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ ಎಂದಿದ್ದರೆ ಅದು ಬೆಲ್ಜಿಯಮಿನ ಲಿಯೇಜ್ ನಗರದ ಮುದ್ರೆ. ಮೇಲೆ ಕಿರೀಟವೂ ಇದ್ದರೆ 1893ರ ಈಚಿನದು.

ಈ ಇಸವಿಗಳು ಸಂಗ್ರಾಹಕರ ಹವ್ಯಾಸಕ್ಕೆ ಮಾತ್ರ ಬೇಕಾದವಲ್ಲ. ಹಿಂದಿನ ಕೋವಿಗಳು ಕರಿಮದ್ದಿಗಾಗಿ ತಯಾರಾದವು, ಕರಿಮದ್ದಿನಿಂದಲೇ ಪರೀಕ್ಷೆಗೊಳಗಾದವು. ಇಂದು ಅಂಗಡಿಯಲ್ಲಿ ಸಿಗುವ ತೋಟೆಯಲ್ಲಿರುವುದು ಹೊಗೆಯಿಲ್ಲದ ನೈಟ್ರೋ ಮದ್ದು. ನೈಟ್ರೋ ಮುದ್ರೆಯಿಲ್ಲದ ನಳಿಗೆಯಲ್ಲಿ ಅದನ್ನು ಹಾರಿಸುವುದೆಂದರೆ ಯಾರೂ ಪರೀಕ್ಷಿಸದ ಒತ್ತಡವನ್ನು ತನ್ನ ಎಡಗೈಯ ಮೇಲೆ ಪರೀಕ್ಷಿಸಿಕೊಂಡಂತೆ. ಸುರುಳಿ ಚಿತ್ತಾರದ ಡಮಾಸ್ಕಸ್ ನಳಿಗೆಗಳೆಲ್ಲ ದುರ್ಬಲವೆಂಬ ಮಾತೂ ಪೂರ್ತಿ ಸರಿಯಲ್ಲ. ಅವುಗಳಲ್ಲಿ ನೈಟ್ರೋ ಪರೀಕ್ಷೆಯಲ್ಲಿ ಗೆದ್ದವೂ ಇವೆ. ಚಿತ್ತಾರಕ್ಕಿಂತ ಮುದ್ರೆ ಮುಖ್ಯ. ಮುದ್ರೆಗಿಂತ ಇಂದಿನ ಸ್ಥಿತಿ ಮುಖ್ಯ.

ಹೆಚ್ಚಿನವರು ಎಡವುವುದು ತೋಟೆಯ ಉದ್ದದಲ್ಲಿ. ಹಳೆಯ 12 ಬೋರಿನ ಇಂಗ್ಲಿಷ್ ಕೋವಿಗಳ ಕೋಣೆ ಸಾಮಾನ್ಯವಾಗಿ ಎರಡೂವರೆ ಇಂಚು, ಎಂದರೆ 65 ಮಿಲಿಮೀಟರು. ಈಗಿನ ತೋಟೆ ಹೆಚ್ಚಾಗಿ 70 ಮಿಲಿಮೀಟರಿನದು. "ಒಳಗೆ ಸಲೀಸಾಗಿ ಕೂರುತ್ತದಲ್ಲ, ಮತ್ತೇನು?" ಎಂದು ಕೇಳುವವರಿದ್ದಾರೆ. ಕೂರುತ್ತದೆ ನಿಜ. ತೋಟೆಯ ಮೇಲೆ ಬರೆದ ಉದ್ದವು ಹಾರಿದ ಬಳಿಕ, ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಬಾಯಿ ಮಡಚಿರುವಾಗ ಅದು ಗಿಡ್ಡ. ಹಾರುವ ಕ್ಷಣದಲ್ಲಿ ಮಡಿಕೆ ಬಿಚ್ಚಿ ಕೋಣೆಯ ಮುಂದಿನ ಇಕ್ಕಟ್ಟಿನೊಳಗೆ ಚಾಚಿಕೊಳ್ಳುತ್ತದೆ. ಚರೆ ಸಾಗಬೇಕಾದ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ಆದ್ದರಿಂದ ಕೂರುವುದು ಹೊಂದುವುದಕ್ಕೆ ಸಾಕ್ಷಿಯಲ್ಲ. ಇನ್ನು 20 ಬೋರಿನ ತೋಟೆ 12 ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಅದನ್ನು ಅರಿಯದೆ ಹಿಂದಿನಿಂದ ಇನ್ನೊಂದು ತೋಟೆ ಹಾಕಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಎರಡು ಬಗೆಯ ತೋಟೆಗಳನ್ನು ಒಂದೇ ಚೀಲದಲ್ಲಿ ಇಡಲೇಬಾರದು.

ಮನೆಯಲ್ಲೇ ನೋಡಬಹುದಾದವು ಕೆಲವಿವೆ. ಬೆಳಕಿಗೆ ಹಿಡಿದು ನಳಿಗೆಯ ಒಳಗೆ ತುಕ್ಕಿನ ಕುಳಿ, ಹೊರಗೆ ತಗ್ಗು, ಎರಡು ನಳಿಗೆಗಳ ನಡುವಿನ ಬೆಸುಗೆಯಲ್ಲಿ ಬಿರುಕು ಇದೆಯೇ ನೋಡಬೇಕು. ನಮ್ಮ ಮಳೆಗಾಲದಲ್ಲಿ ಮುಚ್ಚಿಟ್ಟ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿದರೆ ಅಷ್ಟೇ ಸಾಕು, ಮೊದಲ ಗುಂಡಿಗೇ ನಳಿಗೆ ಉಬ್ಬಲು ಅಥವಾ ಸೀಳಲು. ಮುಚ್ಚಿದ ಕೋವಿ ಅಲುಗಾಡಿ ಲಟಲಟವೆಂದರೆ ಕೀಲು ಸವೆದಿದೆ. ನಳಿಗೆಯ ಗೋಡೆಯ ದಪ್ಪವನ್ನು ಮಾತ್ರ ಪರವಾನಗಿಯುಳ್ಳ ಕೋವಿ ರಿಪೇರಿಗಾರನೇ ಅಳೆಯಬೇಕು. ತೀರ ತೆಳುವಾದೆಡೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅದು ಗೋಡೆಗೆ ತೂಗುಹಾಕುವ ವಸ್ತು. ಮರಕ್ಕೆ ಕಟ್ಟಿ ಹಗ್ಗದಿಂದ ಎಳೆದು ಒಂದು ಗುಂಡು ಹಾರಿಸಿ "ಪಾಸಾಯಿತು" ಎನ್ನುವ ರೂಢಿ ಪರೀಕ್ಷೆಯಲ್ಲ. ಮೊದಲ ಗುಂಡಿಗೆ ಬಿರಿದದ್ದು ಹತ್ತನೆಯದಕ್ಕೆ ಸೀಳಬಹುದು.

ಶಾಲಾಮಕ್ಕಳಿರುವ ಮನೆಗಳಿಗೆ ಎರಡು ಮಾತು. ಕೋವಿ ಮತ್ತು ತೋಟೆ ಬೇರೆ ಬೇರೆ ಬೀಗದೊಳಗಿರಲಿ, ಕೀಲಿ ಮಕ್ಕಳಿಗೆ ಗೊತ್ತಿಲ್ಲದೆಡೆ ಇರಲಿ. ಅಜ್ಜ ತೀರಿಕೊಂಡ ಮೇಲೆ ಅವರ ಪರವಾನಗಿ ಮಗನಿಗೆ ತಾನಾಗಿ ಬರುವುದಿಲ್ಲ. 1959ರ ಆಯುಧ ಕಾಯಿದೆಯ 21ನೆಯ ವಿಧಿಯಂತೆ ಕೋವಿಯನ್ನು ವಿಳಂಬವಿಲ್ಲದೆ ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಇರಿಸಿ, ವಾರಸುದಾರ ತನ್ನ ಹೆಸರಿಗೆ ಅರ್ಜಿ ಹಾಕಬೇಕು. ಅಟ್ಟದಲ್ಲಿ ಸುಮ್ಮನೆ ಇದೆ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಹಂದಿಯನ್ನು ಕೊಲ್ಲಲು ಕೋವಿದಾರರ ಪಟ್ಟಿ ಮಾಡುವ ಪಂಚಾಯತುಗಳು ಪರವಾನಗಿಯ ಪ್ರತಿಯೊಂದಿಗೆ ನಳಿಗೆಯ ಸುಸ್ಥಿತಿಯ ಬಗ್ಗೆ ರಿಪೇರಿಗಾರನ ಲಿಖಿತ ಹೇಳಿಕೆಯನ್ನೂ ಕೇಳಬೇಕೆಂಬುದು ನಮ್ಮ ಬೇಡಿಕೆ. ಅದರ ವೆಚ್ಚವನ್ನು ಪಂಚಾಯತೇ ಭರಿಸುವುದು ನ್ಯಾಯ. ಹಂದಿ ಒಬ್ಬನ ತೋಟಕ್ಕೆ ಮಾತ್ರ ಬರುವುದಿಲ್ಲ. ಷರತ್ತುಗಳೂ ಎಚ್ಚರಿಕೆಗಳೂ ಮಲೆಯಾಳದಲ್ಲಿ ಮಾತ್ರ ಬಂದರೆ, ಕನ್ನಡವಷ್ಟೇ ಓದಬಲ್ಲ ಹಿರಿಯ ಕೃಷಿಕ ಊಹೆಯಿಂದ ತೋಟೆ ತುಂಬುತ್ತಾನೆ. 1969ರ ಕೇರಳ ಆಡಳಿತ ಭಾಷಾ ಕಾಯಿದೆಯು ನಮ್ಮ ಪ್ರದೇಶದ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಮುಂದಿನ ಗ್ರಾಮಸಭೆಗೆ ಈ ಎರಡೂ ಬೇಡಿಕೆಗಳನ್ನು ಕನ್ನಡದಲ್ಲಿ ಬರೆದು, ಸಹಿ ಹಾಕಿ, ಸ್ವೀಕೃತಿಯ ಮೊಹರು ಪಡೆದುಕೊಳ್ಳೋಣ.